ಊಟ ಕಂಡರೆ ಕುಸಿಯುವ ನಾಯಿ

ಮಕ್ಕಳೇ, ಪೊಲೀಸ್ ಶ್ವಾನದಳದಲ್ಲಿ ಡಾಬರ್‌ಮನ್ ನಾಯಿಯನ್ನು ನೀವು ನೋಡಿರಬಹುದು. ನುಣುಪಾದ ಕಪ್ಪು ಅಥವಾ ಕಂದು ಮೈ, ಉದ್ದ ಕಾಲು, ಚುರುಕು ನೋಟ. ಬೆಳೆದ ಗಂಡು ನಾಯಿ ಸುಮಾರು 70 ಸೆಂಟಿಮೀಟರ್ ಎತ್ತರ, 40 ಕಿಲೋಗ್ರಾಂ ತೂಕ ಇರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಕಾವಲಿಗಾಗಿ ಬೆಳೆಸಿದ ತಳಿ ಇದು.

ಇಂಥ ಬಲಶಾಲಿ ನಾಯಿಯೊಂದರ ಮುಂದೆ ತಿನಿಸು ಇಟ್ಟಿರೆಂದು ಭಾವಿಸಿ. ಅದು ಖುಷಿಯಿಂದ ಓಡಿ ಬರುತ್ತದೆ. ಒಂದು ತುಣುಕು ತಿನ್ನುವಷ್ಟರಲ್ಲಿ ಹಿಂಗಾಲು ಮಡಚಿ ದೊಪ್ಪನೆ ಬೀಳುತ್ತದೆ! ಸ್ವಲ್ಪ ಹೊತ್ತಿಗೆ ತಾನೇ ಎದ್ದು ತಿನ್ನತೊಡಗುತ್ತದೆ. ಮತ್ತೆ ಬೀಳುತ್ತದೆ. ಹೀಗೇಕೆ?

ನಿದ್ದೆಯ ರೋಗ

ಇದು ನಾರ್ಕೊಲೆಪ್ಸಿ ಎಂಬ ಅಪರೂಪದ ನರರೋಗ. ಹಗಲಿನಲ್ಲೂ ತಡೆಯಲಾಗದ ನಿದ್ದೆ ಬರುತ್ತದೆ. ಸಂತೋಷ ಉಕ್ಕಿದಾಗ ಸ್ನಾಯುಗಳ ಬಿಗಿ ಒಮ್ಮೆಲೇ ಸಡಿಲವಾಗುತ್ತದೆ. ಈ ರೋಗ ಮನುಷ್ಯರಿಗೂ ಬರುತ್ತದೆ. ಜೋರಾಗಿ ನಕ್ಕಾಗ ಕೆಲವರ ಮೊಣಕಾಲು ಕುಸಿಯುತ್ತದೆ. ಅವರಿಗೆ ಎಚ್ಚರವಿರುತ್ತದೆ, ಆದರೆ ಏಳಲಾಗುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡಿಮೆಂಟ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಈ ರೋಗವಿರುವ ನಾಯಿಗಳ ಅಧ್ಯಯನ ಆರಂಭಿಸಿದರು. ತಿನಿಸಿನ ತುಣುಕುಗಳನ್ನು ಸಾಲಾಗಿ ಇಡುವುದು, ನಾಯಿ ಅವನ್ನು ತಿಂದು ಮುಗಿಸಲು ಎಷ್ಟು ಹೊತ್ತು ಬೇಕು, ಎಷ್ಟು ಸಲ ಬೀಳುತ್ತದೆ ಎಂದು ಲೆಕ್ಕ ಇಡುವುದು. ಪರೀಕ್ಷೆ ಎಷ್ಟು ಸರಳ ನೋಡಿ!

ಬೀಗವೋ, ಕೀಲಿಯೋ?

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಹತ್ತಾರು ಸಾವಿರ ಕೋಶಗಳು ಮಾತ್ರ ಹೈಪೊಕ್ರೆಟಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ನಮ್ಮನ್ನು ಎಚ್ಚರವಾಗಿಡುವುದು ಇದರ ಕೆಲಸ. ಇದನ್ನು ಒಂದು ಕೀಲಿ ಎನ್ನೋಣ. ಬೇರೆ ನರಕೋಶಗಳ ಮೇಲಿರುವ ಬೀಗಕ್ಕೆ ಈ ಕೀಲಿ ಹೊಂದಿಕೊಂಡಾಗ ಎಚ್ಚರದ ಸಂದೇಶ ಸಾಗುತ್ತದೆ.

ಎಮ್ಯಾನುಯೆಲ್ ಮಿನ್ಯೊ ಅವರ ತಂಡ 1999ರಲ್ಲಿ ಡಾಬರ್‌ಮನ್ ನಾಯಿಯ ರೋಗಕ್ಕೆ ಕಾರಣ ಕಂಡುಹಿಡಿಯಿತು. ಅಲ್ಲಿ ಬೀಗವೇ ಕೆಟ್ಟಿತ್ತು! ಹಾಗಾದರೆ ಮನುಷ್ಯರಲ್ಲಿ? 2000ದಲ್ಲಿ ಉತ್ತರ ಸಿಕ್ಕಿತು. ಕುಸಿದು ಬೀಳುವ ರೋಗಿಗಳ ಮಿದುಳಿನಲ್ಲಿ ಬೀಗ ಸರಿಯಿದೆ, ಆದರೆ ಕೀಲಿ ಮಾಡುವ ಕೋಶಗಳೇ ಬಹುಪಾಲು ನಾಶವಾಗಿವೆ. ನಾಯಿ ತೋರಿಸಿದ ದಾರಿಯಿಂದ ಮನುಷ್ಯನ ರೋಗ ಅರ್ಥವಾಯಿತು.

ತಂದೆತಾಯಿಯಿಂದ ಮರಿಗೆ

ಡಾಬರ್‌ಮನ್ ನಾಯಿಗೆ ಈ ರೋಗ ಬರುವುದು ವಂಶವಾಹಿಯ, ಅಂದರೆ ಜೀನ್‌ನ ದೋಷದಿಂದ. ತಂದೆಯಿಂದ ಒಂದು, ತಾಯಿಯಿಂದ ಒಂದು ಜೀನ್ ಮರಿಗೆ ಬರುತ್ತದೆ. ಎರಡೂ ದೋಷದ್ದಾದರೆ ಮಾತ್ರ ಮರಿಗೆ ರೋಗ. ಒಂದೇ ದೋಷವಿದ್ದರೆ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಹತ್ತಿರದ ಬಳಗದಲ್ಲೇ ಮರಿ ಮಾಡಿಸಿದರೆ ಎರಡು ದೋಷಗಳು ಜೊತೆಯಾಗುವ ಸಂಭವ ಹೆಚ್ಚು.

ಈ ತಳಿಯಲ್ಲಿ ಬೇರೆ ತೊಂದರೆಗಳೂ ಉಂಟು. ಹೃದಯದ ಸ್ನಾಯು ದುರ್ಬಲವಾಗುವುದು, ಗಾಯವಾದಾಗ ರಕ್ತ ಬೇಗ ಹೆಪ್ಪುಗಟ್ಟದಿರುವುದು, ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಹೋಗಿ ನಡಿಗೆ ತೂರಾಡುವುದು. ಆದ್ದರಿಂದ ನಾಯಿಯ ಅಂದವನ್ನಷ್ಟೇ ನೋಡದೆ, ತಂದೆತಾಯಿಯ ಆರೋಗ್ಯ ಪರೀಕ್ಷಿಸಿದ ಮೇಲೆಯೇ ಮರಿ ಮಾಡಿಸಬೇಕು.

ನಗಬೇಡಿ

ಮನುಷ್ಯರಲ್ಲಿ ನಾರ್ಕೊಲೆಪ್ಸಿ ಹೆಚ್ಚಾಗಿ ಹದಿಹರೆಯದ ಸುಮಾರಿಗೆ ಶುರುವಾಗುತ್ತದೆ. ತರಗತಿಯಲ್ಲಿ ತೂಕಡಿಸುವವರಿಗೆಲ್ಲ ಈ ರೋಗವಿದೆ ಎಂದಲ್ಲ. ರಾತ್ರಿ ನಿದ್ದೆಗೆಟ್ಟರೂ, ಮೈಯಲ್ಲಿ ರಕ್ತ ಕಡಿಮೆಯಿದ್ದರೂ ತೂಕಡಿಕೆ ಬರುತ್ತದೆ. ಆದರೆ ರಾತ್ರಿ ಚೆನ್ನಾಗಿ ಮಲಗಿದರೂ ನಿಮ್ಮ ಗೆಳೆಯನೊಬ್ಬ ದಿನವೂ ನಿದ್ದೆಗೆ ಜಾರುತ್ತಿದ್ದರೆ "ಸೋಮಾರಿ" ಎಂದು ಹಂಗಿಸಬೇಡಿ. ಶಿಕ್ಷಕರಿಗೆ ತಿಳಿಸಿ. ವೈದ್ಯರ ಬಳಿ ಇದನ್ನು ಹತೋಟಿಯಲ್ಲಿಡುವ ಔಷಧಿಗಳಿವೆ. ಬಿದ್ದ ನಾಯಿಯನ್ನು ಸೋಮಾರಿ ಎನ್ನದ ನಾವು ಗೆಳೆಯನನ್ನು ಹಾಗೆ ಕರೆಯಬಹುದೇ?

ಮಾಡಿ ನೋಡಿ

ಎರಡು ನಾಣ್ಯ ತೆಗೆದುಕೊಳ್ಳಿ. ಒಂದು ತಂದೆ, ಇನ್ನೊಂದು ತಾಯಿ. ಸಿಂಹದ ಮುದ್ರೆ ಬಿದ್ದರೆ ಸರಿಯಾದ ಜೀನ್, ಇನ್ನೊಂದು ಬದಿ ಬಿದ್ದರೆ ದೋಷದ ಜೀನ್. ಎರಡನ್ನೂ ಒಟ್ಟಿಗೆ 40 ಸಲ ಚಿಮ್ಮಿ, ಬರೆದುಕೊಳ್ಳಿ. ಎರಡೂ ದೋಷದ ಬದಿ ಎಷ್ಟು ಸಲ ಬಂತು? ಸುಮಾರು 10 ಸಲ ಬರಬೇಕು. ಅಂದರೆ ಆರೋಗ್ಯವಾಗಿ ಕಾಣುವ ತಂದೆತಾಯಿಗೂ ನಾಲ್ಕರಲ್ಲಿ ಒಂದು ಮರಿ ರೋಗಿಯಾಗಬಹುದು. ಏಕೆ? ಗೆಳೆಯರೊಡನೆ ಚರ್ಚಿಸಿ.