ಅಟಾಕ್ಸಿಯಾ ಇದೆಯೇ? ಕೈಗೆ ಬಲವಲ್ಲ, ಹದ ಕಲಿಸಿ

ಅಟಾಕ್ಸಿಯಾ ಎಂದರೆ ಚಲನೆಗಳ ಹೊಂದಾಣಿಕೆ ತಪ್ಪುವ ತೊಂದರೆ. ಪೇಪರ್ ಲೋಟ ಹಿಡಿದರೆ ನಜ್ಜುಗುಜ್ಜಾಗಿ ಕಾಫಿ ಚೆಲ್ಲುತ್ತದೆ. ಎರಡು ಸಾಲು ಬರೆಯುವಷ್ಟರಲ್ಲಿ ಬೆರಳುಗಳು ನೋಯುತ್ತವೆ. ‘ನನ್ನ ಕೈಯಲ್ಲಿ ಶಕ್ತಿಯೇ ಇಲ್ಲ’ ಎಂದುಕೊಳ್ಳುವುದು ಹೆಚ್ಚಿನ ಸಲ ಬರೀ ಅಭ್ಯಾಸ. ಇವತ್ತೇ ಬಿಡಿ.

1. ಸಮಸ್ಯೆಯ ಮೂಲ ತಿಳಿಯಿರಿ.
ಲೋಟ ಎತ್ತುವಾಗ ಭಾರ ಏರಿದಂತೆ ಹಿಡಿತವೂ ಅದರ ಜೊತೆಗೇ ಬಿಗಿಯಾಗಬೇಕು. ಸ್ವೀಡನ್ನಿನ ವಿಜ್ಞಾನಿಗಳಾದ ಯೊಹಾನ್ಸನ್ ಮತ್ತು ವೆಸ್ಟ್ಲಿಂಗ್ 1984ರಲ್ಲಿ ಇದನ್ನು ಅಳೆದು ತೋರಿಸಿದರು. ಆರೋಗ್ಯವಂತರು ವಸ್ತು ಜಾರದಿರಲು ಬೇಕಾದ್ದಕ್ಕಿಂತ ತುಸುವೇ ಹೆಚ್ಚು ಬಲ ಹಾಕುತ್ತಾರೆ. ಭಾರವನ್ನು ಮೊದಲೇ ಅಂದಾಜು ಮಾಡುವುದು ಕಿರುಮೆದುಳಿನ ಕೆಲಸ. ಅದಕ್ಕೆ ಪೆಟ್ಟಾದಾಗ ಟೈಮಿಂಗ್ ತಪ್ಪುತ್ತದೆ, ಬಹಳಷ್ಟು ಜನರ ಕೈ ಅಗತ್ಯಕ್ಕಿಂತ ಜೋರಾಗಿ ಹಿಡಿಯುತ್ತದೆ. ನಿಮ್ಮದು ಸೋಮಾರಿತನವಲ್ಲ, ಅಜಾಗರೂಕತೆಯೂ ಅಲ್ಲ.

2. ಕೈಬಲ ಹೆಚ್ಚಿಸುವ ಹ್ಯಾಂಡ್ ಗ್ರಿಪ್ಪರ್ ಪಕ್ಕಕ್ಕಿಡಿ, ಪೇಪರ್ ಲೋಟ ತನ್ನಿ.
ಅರ್ಧ ಲೋಟ ತಣ್ಣೀರು ಸಾಕು. ಎತ್ತುವ ಮೊದಲು ಎಷ್ಟು ಭಾರವಿದೆ ಎಂದು ಮನಸ್ಸಿನಲ್ಲೇ ಅಂದಾಜಿಸಿ. ಲೋಟದ ಅಂಚು ಒಳಕ್ಕೆ ಬಾಗದಂತೆ ನಿಧಾನವಾಗಿ ಎತ್ತಿ, ನಿಲ್ಲಿಸಿ, ಇಳಿಸಿ. ಅಂಚು ಬಾಗಿತೇ? ಬೆರಳು ಸಡಿಲಿಸಿ, ಮತ್ತೆ ಎತ್ತಿ. ಇದು ರೂಢಿಯಾದ ಮೇಲೆ ನೀರು ಹೆಚ್ಚು ಕಡಿಮೆ ಮಾಡಿ. ಕೈ ದಣಿದರೆ ಅಲ್ಲಿಗೇ ನಿಲ್ಲಿಸಿ, ದಣಿವಿನಲ್ಲಿ ಹದ ಇನ್ನಷ್ಟು ಕೆಡುತ್ತದೆ. ಬಲವೂ ಕುಂದಿದೆ ಎಂದು ಥೆರಪಿಸ್ಟ್ ಹೇಳಿದರೆ ಮಾತ್ರ ಗ್ರಿಪ್ಪರ್ ಹಿಡಿಯಿರಿ.

3. ಮೊಣಕೈ ಮೇಜಿಗೆ ಊರಿ.
ಭುಜ, ಮೊಣಕೈ, ಮಣಿಕಟ್ಟು ಒಟ್ಟಿಗೆ ಚಲಿಸಿದಾಗಲೇ ತಪ್ಪು ಹೆಚ್ಚು. ಒಂದೊಂದೇ ಕೀಲು ಬಳಸಿ.

4. ಸಲಕರಣೆ ಬದಲಿಸಿ, ನಾಚಿಕೆ ಬೇಡ.
ದಪ್ಪ ಹಿಡಿಯ ಪೆನ್ ಕೊಳ್ಳಿ. ವಿಂಡೋಸ್ ಕಂಪ್ಯೂಟರಿನಲ್ಲಿ ‘ಫಿಲ್ಟರ್ ಕೀಸ್’ ಆನ್ ಮಾಡಿ. ಬೆರಳು ತಪ್ಪಿ ಕ್ಷಣಮಾತ್ರ ತಗುಲಿದ ಒತ್ತುಗಳನ್ನು ವಿಂಡೋಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಟೈಪಿಂಗ್ ನಿಧಾನವಾದರೂ ಚಿಂತೆಯಿಲ್ಲ, ಆಫೀಸಿನಲ್ಲಿ ವೇಗಕ್ಕಿಂತ ತಪ್ಪಿಲ್ಲದ ಇಮೇಲ್‌ಗೆ ಬೆಲೆ ಜಾಸ್ತಿ.

5. ಹಕ್ಕು ಕೇಳಿ ಪಡೆಯಿರಿ.
ಪರೀಕ್ಷೆ ಬರೆಯುವವರು ಇದನ್ನು ಎರಡು ಸಲ ಓದಿ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ, ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೆ 3 ಗಂಟೆಯ ಪರೀಕ್ಷೆಯಲ್ಲಿ ಕನಿಷ್ಠ 1 ಗಂಟೆ ಹೆಚ್ಚುವರಿ ಸಮಯ ಸಿಗಬೇಕೆಂದಿತ್ತು. ಬರೆಯಲು ಸಹಾಯಕರನ್ನೂ ಕೇಳಬಹುದು. ‘ಕೇಳಿದರೆ ಏನಂದುಕೊಳ್ಳುತ್ತಾರೋ’ ಎಂಬ ಸಂಕೋಚ ಅಂಕ ತರುವುದಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ, ಇತ್ತೀಚಿನ ಸುತ್ತೋಲೆ ನೋಡಿಕೊಳ್ಳಿ, ಹಾಲ್ ಟಿಕೆಟ್ ಬರುವವರೆಗೆ ಕಾಯದೆ ಅರ್ಜಿ ತುಂಬುವಾಗಲೇ ಬರೆದು ಕೊಡಿ.