ದೂರದೂರಿನಿಂದ ಮನೆ ಕೊಳ್ಳುವಾಗ ಏಜೆಂಟರನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಿವೃತ್ತಿಯ ನಂತರ ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ ನೆಲೆಸುವ ಆಸೆ. ಏಜೆಂಟರೊಬ್ಬರು ಹಳೇ ಮನೆಯ ವಿಡಿಯೊ ಕಳಿಸಿ, ‘ಪೇಪರೆಲ್ಲ ಕ್ಲಿಯರ್ ಐತೆ ಸಾರ್, ಬೇರೆ ಪಾರ್ಟಿ ಬರೋದ್ರೊಳ್ಗೆ ಟೋಕನ್ ಅಡ್ವಾನ್ಸ್ ಹಾಕ್ಬಿಡಿ’ ಎನ್ನುತ್ತಾರೆ. ನಂಬಬಹುದೇ?
– ಓದುಗರು, ಪುಣೆ

ಉತ್ತರ: ದುಡ್ಡು ಹಾಕುವ ಮೊದಲು ಖಾತೆಯ ನಕಲು, ಮೂಲ ಕ್ರಯಪತ್ರದ ನಕಲು, ಮಾಲೀಕರ ಹೆಸರು ಮತ್ತು ಫೋನ್ ನಂಬರ್ ಕೇಳಿ. ಮಾಲೀಕರ ನಂಬರ್ ಕೊಟ್ಟರೆ ಕಮಿಷನ್ ತಪ್ಪಿಹೋದೀತು ಎಂಬ ಭಯ ಏಜೆಂಟರಿಗೆ ಇರುವುದು ಸಹಜ. ಆದ್ದರಿಂದ ಕಮಿಷನ್ ಎಷ್ಟು, ನೋಂದಣಿಯ ದಿನವೇ ಕೊಡುವುದು ಎಂದು ಮೊದಲೇ ಬರೆದುಕೊಡಿ. ಆಮೇಲೂ ಬಚ್ಚಿಟ್ಟರೆ ಆ ವ್ಯವಹಾರವನ್ನು ಅಲ್ಲಿಗೇ ಬಿಡಿ.

ಋಣಭಾರ ಪ್ರಮಾಣಪತ್ರವನ್ನು (ಇಸಿ) ಕಾವೇರಿ 2.0 ಜಾಲತಾಣದ ಮೂಲಕ ಪುಣೆಯಲ್ಲೇ ಕೂತು ಪಡೆಯಬಹುದು. ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದ ಪತ್ರಗಳು ಮಾತ್ರ. ಬಾಯಿಮಾತಿನ ಪಾಲುಪಾರಿಕತ್ತು, ನೋಂದಣಿಯಾಗದ ಕರಾರು ಅದರಲ್ಲಿ ಬರುವುದಿಲ್ಲ. ಪಂಚಾಯಿತಿ ವ್ಯಾಪ್ತಿಯ ಮನೆಯಾದ್ದರಿಂದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ನೋಡಿ. 11ಬಿ ಎಂದಿದ್ದರೆ ವಕೀಲರ ಅಭಿಪ್ರಾಯ ಬರುವ ತನಕ ತಡೆಯಿರಿ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿಯೂ ಇರುವಂತೆ ನೋಡಿಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವರಿಗೂ ಸಮಪಾಲು ಕೊಟ್ಟಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ.

ಪ್ರಶ್ನೆ: ನಿಡಘಟ್ಟದ ಹತ್ತಿರ ‘ಹೈವೇ ಟಚ್’ ಬಡಾವಣೆಯಲ್ಲಿ ಮನೆ ಎಂದು ಜಾಹೀರಾತು ನೋಡಿದೆ. ಏಜೆಂಟರು ಸಾಚಾ ಎಂದು ತಿಳಿಯುವುದು ಹೇಗೆ?
– ಓದುಗರು, ಮುಂಬೈ

ಉತ್ತರ: 500 ಚದರ ಮೀಟರ್ ಮೀರಿದ ಜಾಗದಲ್ಲಿ ಹೊಸದಾಗಿ ಎಬ್ಬಿಸಿ ಮಾರುವ ಬಡಾವಣೆಗೆ 2016ರ ರೇರಾ ಕಾಯ್ದೆಯಡಿ ನೋಂದಣಿ ಬೇಕು. ಅದನ್ನು ಮಾರಿಸುವ ಏಜೆಂಟರೂ ನೋಂದಾಯಿಸಿಕೊಂಡಿರಬೇಕು. ಎರಡೂ ನಂಬರ್ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ನೀವೇ ಹುಡುಕಿ. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯಲು ಬಿಲ್ಡರಿಗೆ ಅಧಿಕಾರವಿಲ್ಲ. ಊರೊಳಗಿನ ಹಳೇ ಮನೆ ಕೊಡಿಸುವ ಏಜೆಂಟರಿಗೆ ರೇರಾ ನೋಂದಣಿಯ ನಿಯಮ ಅನ್ವಯಿಸದು. ಅಲ್ಲಿ ದಾಖಲೆಗಳನ್ನೇ ಆಧರಿಸಬೇಕು.

‘ಹೈವೇ ಟಚ್’ ಎಂಬ ಮಾತನ್ನೂ ಪರೀಕ್ಷಿಸಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮೊದಲ ಹಂತ ಮುಗಿದು ಎರಡನೆಯದು ಶುರುವಾಗುವುದೇ ನಿಡಘಟ್ಟದಲ್ಲಿ. ಆದರೆ ಅದರ ಮುಖ್ಯರಸ್ತೆಗೆ ಎಲ್ಲೆಂದರಲ್ಲಿ ಇಳಿಯುವಂತಿಲ್ಲ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೂ ಅಲ್ಲಿ ನಿಷೇಧ. ನಿಮ್ಮ ದಿನನಿತ್ಯದ ಓಡಾಟ ಸರ್ವಿಸ್ ರಸ್ತೆಯಲ್ಲೇ. ಏಜೆಂಟರಿಂದ ಜಾಗದ ಲೊಕೇಶನ್ ತರಿಸಿಕೊಂಡು ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಪತ್ರದಲ್ಲಿರುವ ನಂಬರ್ ಬೇರೆಯಾಗಿದ್ದರೆ ವಿವರಣೆ ಕೇಳಿ. ಭೂ ಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ ಇಲ್ಲದೆ ಮುಂದುವರಿಯಬೇಡಿ. ಮೂಲದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದು ಸರ್ಕಾರದ ಅನುಮತಿಯಿಲ್ಲದೆ ಮಾರಾಟವಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ಊರ್ಜಿತವಾಗದು. ಜಮೀನು ಆ ಕುಟುಂಬಕ್ಕೇ ಮರಳಬೇಕಾದೀತು.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ರಜೆ ಸಿಗುವುದು ಕಷ್ಟ. ‘ನನಗೇ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮಾಡಿಕೊಡಿ, ರಿಜಿಸ್ಟ್ರೇಷನ್ ಮುಗಿಸಿಬಿಡುತ್ತೇನೆ’ ಎಂದು ಏಜೆಂಟರು ಹೇಳುತ್ತಿದ್ದಾರೆ.
– ಓದುಗರು, ಮಸ್ಕತ್

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ವ್ಯವಹಾರ ಕುದುರಿದರಷ್ಟೇ ಏಜೆಂಟರಿಗೆ ಕಮಿಷನ್. ಕುದುರಿಸುವವರ ಕೈಗೇ ನಿಮ್ಮ ಸಹಿಯನ್ನೂ ಕೊಟ್ಟರೆ ಬೇಡವೆನ್ನುವವರು ಯಾರೂ ಉಳಿಯುವುದಿಲ್ಲ. ಅಣ್ಣತಮ್ಮಂದಿರೋ ಅಕ್ಕತಂಗಿಯರೋ ಇದ್ದರೆ, ಈ ಒಂದು ಮನೆಯ ನೋಂದಣಿಗೆ ಮಾತ್ರ ಸೀಮಿತವಾದ ಅಧಿಕಾರಪತ್ರ ಬರೆದುಕೊಡಿ. ಅದಕ್ಕೆ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಇರಲಿ. ಪತ್ರ ಭಾರತಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಮಾರುವವರೇ ಜಿಪಿಎ ಆಧಾರದಲ್ಲಿ ಬಂದರೂ ಎಚ್ಚರ: ಬರೀ ಜಿಪಿಎ ಬರೆದುಕೊಂಡ ಮಾತ್ರಕ್ಕೆ ಮಾಲೀಕತ್ವ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅನಿವಾಸಿ ಭಾರತೀಯರು ಮನೆ ಕೊಳ್ಳಬಹುದು. ಕೃಷಿ ಜಮೀನು, ತೋಟದ ಮನೆ ಕೊಳ್ಳುವಂತಿಲ್ಲ.

ಮನೆ ತೋರಿಸಲು ಏಜೆಂಟರು, ದಾಖಲೆ ಓದಲು ನೀವೇ ಗೊತ್ತುಮಾಡಿ ಫೀಸು ಕೊಟ್ಟ ವಕೀಲರು, ಸಹಿ ಹಾಕಲು ನಿಮ್ಮ ಮನೆಯವರು. ಒಳ್ಳೆಯ ಏಜೆಂಟರು ಈ ಏರ್ಪಾಡಿಗೆ ಬೇಸರಪಡುವುದಿಲ್ಲ. ಮೂರೂ ಕೆಲಸವನ್ನು ತಾವೊಬ್ಬರೇ ಮಾಡಿಕೊಡುತ್ತೇನೆ ಎನ್ನುವವರನ್ನು ದೂರವೇ ಇಡಿ.