ದರ್ಶನ ಶುರುವಾಗುವುದು ಕಾಡಿನಿಂದ

ಜಪಾನಿನ ಕ್ಯೋಟೊಗೆ ಹೋದವರು ಶಿಮೊಗಾಮೊ ದೇಗುಲದ ಪಕ್ಕದಲ್ಲೇ ಬಸ್ಸಿಳಿದು, ಐದು ನಿಮಿಷದಲ್ಲಿ ಅದರ ಕೆಂಪು ಮಹಾದ್ವಾರದ ಮುಂದೆ ನಿಲ್ಲಬಹುದು. ಕಾಲಿನಲ್ಲಿ ಶಕ್ತಿಯಿದ್ದರೆ ಹಾಗೆ ಮಾಡಬೇಡಿ. ಕೇಹಾನ್ ರೈಲಿನ ಕೊನೆಯ ನಿಲ್ದಾಣವಾದ ದೆಮಾಚಿಯಾನಗಿಯಲ್ಲಿ ಇಳಿದು, ತಕಾನೊ ನದಿಯ ಸೇತುವೆ ದಾಟಿ, ಅದು ಕಾಮೊ ನದಿಯನ್ನು ಕೂಡುವ ಮೂಲೆಯಿಂದ ಉತ್ತರಕ್ಕೆ ನಡೆಯಿರಿ. ಸ್ವಲ್ಪ ಹೊತ್ತಿನಲ್ಲೇ ತದಸು ನೊ ಮೋರಿ ಎಂಬ ಕಾಡು ಸಿಗುತ್ತದೆ. ವಿಸ್ತಾರ ಸುಮಾರು 12 ಹೆಕ್ಟೇರ್, ಅಂದರೆ ಮೂವತ್ತು ಎಕರೆ. ಇದನ್ನು ದೇಗುಲಕ್ಕೆ ಹೋಗುವ ದಾರಿ ಎಂದುಕೊಂಡರೆ ತಪ್ಪಾಗುತ್ತದೆ, ಏಕೆಂದರೆ ಈ ಕಾಡೇ ಪವಿತ್ರ ಸ್ಥಳ.

ಇದಕ್ಕೆ ಭಾಷೆಯೇ ಸಾಕ್ಷಿ ಹೇಳುತ್ತದೆ. ಇಂದು 'ಜಿಂಜಾ', ಅಂದರೆ ದೇಗುಲ, ಎಂದು ಓದುವ ಅಕ್ಷರಗಳನ್ನು ಎಂಟನೇ ಶತಮಾನದ ಕವನಸಂಕಲನ 'ಮನ್‌ಯೋಶು'ವಿನಲ್ಲಿ 'ಮೋರಿ' ಎಂದು ಓದುವುದುಂಟು. ಮೋರಿ ಎಂದರೆ ಕಾಡು. ನಾರಾ ಪ್ರಾಂತದ ಓಮಿವಾ ದೇಗುಲದಲ್ಲಿ ಇಂದಿಗೂ ಗರ್ಭಗುಡಿಯಿಲ್ಲ, ಹಿಂದಿನ ಬೆಟ್ಟಕ್ಕೇ ಪೂಜೆ. ಕೊಡಗಿನ ದೇವರಕಾಡುಗಳನ್ನು ಬಲ್ಲ ನಮಗೆ ಇದು ಅರ್ಥವಾಗದ ಮಾತಲ್ಲ. 'ತದಸು ನೊ ಮೋರಿ 1470ರ ಸುಮಾರಿಗೆ ಓನಿನ್ ಎಂಬ ಅಂತರ್ಯುದ್ಧದ ಬೆಂಕಿಗೆ ಸಿಕ್ಕಿತ್ತಲ್ಲ, ಇದರಲ್ಲಿ ಪ್ರಾಚೀನತೆ ಎಲ್ಲಿ ಬಂತು?' ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಾಗೆ ನೋಡಿದರೆ ರಾಷ್ಟ್ರೀಯ ಸಂಪತ್ತೆಂದು ಕರೆಸಿಕೊಂಡ ಇಲ್ಲಿನ ಎರಡು ಮುಖ್ಯ ಗುಡಿಗಳೂ 1863ರಲ್ಲಿ ಮತ್ತೆ ಕಟ್ಟಿದವು. ಸುಟ್ಟ ಮೇಲೂ ಈ ನೆಲ ಪೂರ್ತಿಯಾಗಿ ಹೊಲ, ಮನೆ, ಬೀದಿಗಳ ಪಾಲಾಗಲಿಲ್ಲ, ಮತ್ತೆ ಕಾಡಾಯಿತು. ಕೆಯಾಕಿ, ಎನೊಕಿ, ಮುಕುನೊಕಿ ಎಂಬ ಎಲೆಯುದುರುವ ಮರಗಳೇ ಇಲ್ಲಿ ಹೆಚ್ಚು. ಊರು ಕಟ್ಟುವ ಮುಂಚಿನ ಬಯಲಿನ ಸಸ್ಯಸಂಪತ್ತಿನ ಗುರುತು ಅವುಗಳಲ್ಲಿದೆ. ಹಳತೆಂದರೆ ಇಲ್ಲಿ ಕಲ್ಲಿನ ವಯಸ್ಸಲ್ಲ, ಬಿಡದೆ ಕಾಪಾಡಿದ ಕೆಲಸ.

ಹಾಗಾಗಿ ನಡವಳಿಕೆಯೂ ಕಾಡಿನಿಂದಲೇ ಶುರುವಾಗಬೇಕು. ತೊರಿ ಎಂಬ ಕಮಾನಿನ ಮುಂದೆ ಒಮ್ಮೆ ತಲೆಬಾಗಿ ಒಳಹೋಗಿ, ದಾರಿಯ ನಟ್ಟನಡುವೆ ನಡೆಯದೆ ಬದಿಯಲ್ಲಿ ಸಾಗಿ. ನಡುಭಾಗ ದೇವರದೆಂಬ ನಂಬಿಕೆ. ನೀರಿನ ತೊಟ್ಟಿ ಸಿಕ್ಕಾಗ ಸೌಟನ್ನು ಬಲಗೈಯಲ್ಲಿ ಹಿಡಿದು ಎಡಗೈ ತೊಳೆಯಿರಿ, ಕೈ ಬದಲಿಸಿ ಬಲಗೈ ತೊಳೆಯಿರಿ. ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ, ಸೌಟಿಗೆ ಮಾತ್ರ ಬಾಯಿ ತಾಗಿಸಬಾರದು. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಹರಿದು, ಮುಂದಿನವರಿಗಾಗಿ ಅದನ್ನೂ ತೊಳೆಯುತ್ತದೆ. ಇಡೀ ಭೇಟಿಯಲ್ಲಿ ಇಷ್ಟು ಚೆಂದದ ಶಿಷ್ಟಾಚಾರ ಇನ್ನೊಂದಿಲ್ಲ. ಗುಡಿಯ ಮುಂದೆ ಕಾಣಿಕೆ ಹಾಕಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಕೈ ಜೋಡಿಸಿ, ಮತ್ತೊಮ್ಮೆ ಬಾಗಿ. ಐದು ಯೆನ್ ನಾಣ್ಯ ಶುಭವೆನ್ನುತ್ತಾರೆ. ಜಪಾನಿ ಭಾಷೆಯಲ್ಲಿ ಐದು ಯೆನ್‌ಗೆ 'ಗೊಎನ್' ಎನ್ನುತ್ತಾರೆ, ಆ ಉಚ್ಚಾರಕ್ಕೆ ನಂಟು ಎಂಬ ಅರ್ಥವೂ ಇದೆ. ಬೇರೆ ಧರ್ಮದವರು ಇದೆಲ್ಲ ಮಾಡುವುದು ನಟನೆಯಾಗದೇ ಎಂಬ ಅಳುಕು ಬೇಡ. ಈ ದೇಗುಲದ ಶಿಂಟೊ ಧರ್ಮ ಯಾರ ನಂಬಿಕೆಯ ಲೆಕ್ಕವನ್ನೂ ಕೇಳುವುದಿಲ್ಲ. ಮನಸ್ಸು ಒಪ್ಪದಿದ್ದರೆ ಬದಿಯಲ್ಲಿ ಸುಮ್ಮನೆ ನಿಂತರೂ ಸಾಕು.

ಮಂಡಿನೋವಿರುವ ಹಿರಿಯರು ಜೊತೆಗಿದ್ದರೆ ನಾನು ಹೇಳಿದ ದಾರಿ ಕಷ್ಟವೇ. ಅವರನ್ನು ಬಸ್ಸಿನಲ್ಲೇ ಕರೆತನ್ನಿ. ಆದರೆ ದರ್ಶನವಾದ ಮೇಲೆ ದಕ್ಷಿಣಕ್ಕೆ ತಿರುಗಿ, ಮರಗಳ ನೆರಳಿನಲ್ಲಿ ನೂರು ಹೆಜ್ಜೆಯಾದರೂ ನಡೆಸಿ. ಎಲ್ಲರೂ ತಪ್ಪದೆ ನೋಡಬೇಕಾದದ್ದು ದೇಗುಲದ ಆವರಣದಲ್ಲಿರುವ ಮಿತಾರಶಿ ಕೊಳ. ಜುಲೈ ಹಬ್ಬದಲ್ಲಿ ಜನ ಬಟ್ಟೆ ಮೇಲೆತ್ತಿ, ಮೇಣದಬತ್ತಿ ಹಿಡಿದು, ಇದರ ತಣ್ಣನೆಯ ನೀರಿಗಿಳಿಯುತ್ತಾರೆ. ಇಲ್ಲಿ ಏಳುವ ಗುಳ್ಳೆಗಳಿಂದಲೇ ಮಿತಾರಶಿ ದಾಂಗೊ ಎಂಬ ತಿಂಡಿ ಹುಟ್ಟಿತೆಂಬ ಪ್ರತೀತಿಯಿದೆ. ಕಡ್ಡಿಗೆ ಚುಚ್ಚಿದ ಅಕ್ಕಿಹಿಟ್ಟಿನ ಐದು ಉಂಡೆಗಳಲ್ಲಿ ತುದಿಯದೊಂದು ಉಳಿದ ನಾಲ್ಕರಿಂದ ಸ್ವಲ್ಪ ದೂರ ನಿಂತಿರುತ್ತದೆ: ನೀರಿನಲ್ಲಿ ಮೊದಲು ಒಂದು ಗುಳ್ಳೆ, ಆಮೇಲೆ ನಾಲ್ಕು.